ಹಳೆಯ ಬೋಗಿಗೆ ಯಾವ ಕಾಲದ ಬಣ್ಣ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನಮ್ಮ ಸಂರಕ್ಷಣಾ ತಂಡದ ಕೈಗೆ ಹಳೆಯ ಪ್ರಯಾಣಿಕ ಬೋಗಿಯೊಂದು ಬಂದಿದೆ. ಚೌಕಟ್ಟು ಮರದ್ದು, ಹೊದಿಕೆ ಉಕ್ಕಿನ ತಗಡಿನದು. ಓಡಾಡುತ್ತಿದ್ದ ಕಾಲದಲ್ಲಿ ಅದಕ್ಕೆ ಮೊದಲು ಎರಡು ಬಣ್ಣ, ಅನಂತರ ಮರೂನ್, ಕೊನೆಗೆ ನೀಲಿ ಬಳಿಯಲಾಗಿತ್ತು. ಯಾವ ಲಿವರಿಗೆ (ಒಂದು ಕಾಲದ ನಿಗದಿತ ಹೊರಬಣ್ಣಕ್ಕೆ) ಮರಳಿಸಬೇಕು, ಎನಾಮೆಲ್ಲನ್ನು ಬ್ರಷ್‌ನಿಂದ ಬಳಿಯಬೇಕೇ ಅಥವಾ ಗಟ್ಟಿಕಾರಕ ಬೆರೆಸಿ ಬಳಸುವ ಟು-ಪ್ಯಾಕ್ ಬಣ್ಣವನ್ನು ಸ್ಪ್ರೇ ಮಾಡಿಸಬೇಕೇ ಎಂಬುದರಲ್ಲಿ ನಮ್ಮೊಳಗೆ ಒಮ್ಮತವಿಲ್ಲ. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ತೇಗದ ಗಾಡಿ: ನಾವು ಉಳಿಸಿಕೊಂಡದ್ದು ಪೂರ್ತಿ ತೇಗದ ಹಲಗೆಯ ಬೋಗಿ. ಅದಕ್ಕೆ ಬಣ್ಣ ಬಳಿಯಲೇ ಇಲ್ಲ, ವಾರ್ನಿಷ್ ಮಾತ್ರ ಹಚ್ಚಿದೆವು, ಮತ್ತು ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಬ್ರಿಟನ್ನಿನ ಎಲ್‌ಎನ್‌ಇಆರ್ ರೈಲ್ವೆ ಕಂಪನಿ ಉಕ್ಕಿನ ಹೊದಿಕೆಯ ಬೋಗಿಗಳ ಮೇಲೂ ತೇಗದ ಗೆರೆಗಳನ್ನು ಬಣ್ಣದಲ್ಲಿ ಬಿಡಿಸುತ್ತಿತ್ತು. ತೇಗಕ್ಕೆ ಅಷ್ಟು ಮರ್ಯಾದೆಯಿತ್ತು. ಇದರಲ್ಲಿ ಖರ್ಚು ಕಡಿಮೆ ಎಂದು ಮಾತ್ರ ಯಾರೂ ತಿಳಿಯಬೇಡಿ. ಮೇಲಿನ ಹಳೆಯ ಬಣ್ಣವನ್ನು ಕೆರೆದಾಗ ಪ್ರತಿಯೊಂದು ಕಬ್ಬಿಣದ ತಿರುಪಿನ ಸುತ್ತಲೂ ಶಾಯಿ ಚೆಲ್ಲಿದಂಥ ಕಪ್ಪು ಕಲೆಯಿತ್ತು. ಆಕ್ಸಾಲಿಕ್ ಆಮ್ಲ ಹಚ್ಚಬೇಕು, ತೊಳೆಯಬೇಕು, ಒಣಗಲು ಬಿಡಬೇಕು, ಕಲೆ ಉಳಿದಿದ್ದರೆ ಮತ್ತೆ ಹಚ್ಚಬೇಕು. ಆಮ್ಲದ ಉಳಿಕೆ ಒಳಗೇ ನಿಂತರೆ ವಾರ್ನಿಷ್ ಹಿಡಿಯುವುದಿಲ್ಲ. ತೇಗದಲ್ಲಿ ಸಹಜವಾಗಿ ಎಣ್ಣೆಯಿರುವುದರಿಂದ ಮೊದಲ ಲೇಪಕ್ಕೆ ಮುನ್ನ ತಿನ್ನರ್‌ನಿಂದ ಒರೆಸುವುದೂ ತಪ್ಪದು. ನಮ್ಮ ಲೆಕ್ಕಪುಸ್ತಕದಲ್ಲಿ ವಾರ್ನಿಷ್ ಡಬ್ಬಿಗಳ ಪಾಲು ಅತ್ಯಲ್ಪ, ಹಣ ನುಂಗಿದ್ದು ಕೂಲಿ ಮತ್ತು ಅಟ್ಟಣಿಗೆ. ಇಷ್ಟೆಲ್ಲ ಆದ ಮೇಲೆ ಬಿಸಿಲು ಬೀಳುವ ಪಕ್ಕದಲ್ಲಿ ವಾರ್ನಿಷ್ ಸಿಪ್ಪೆಯೆದ್ದಿತು, ಆ ಪಕ್ಕವನ್ನು ಮೊದಲಿನಿಂದ ಮಾಡಿಸಿದೆವು. ಮತ್ತೆ ಆಯ್ಕೆ ಬಂದರೂ ತೇಗವನ್ನೇ ಆರಿಸುತ್ತೇನೆ.

ಪದರ ಬಿಡಿಸಿದವರು: ಪ್ರಶ್ನೆ ಕೇಳಿದವರ ಬಳಿ ಇರುವುದು ತಗಡಿನ ಬೋಗಿ, ತೇಗದ ಹಲಗೆಯದಲ್ಲ. ಬಣ್ಣ ಯಾವುದೆಂದು ಬೋಗಿಯೇ ಹೇಳುತ್ತದೆ, ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ಬೇಕು. ನಾವು ಸಂಖ್ಯಾಫಲಕದ ಹಿಂದೆ, ಬಿಸಿಲು ಮಳೆ ಮುಟ್ಟದ ಜಾಗದಲ್ಲಿ, ನೀರು ಹಾಕಿ ಎಮರಿ ಕಾಗದದಿಂದ ಒಂದೇ ಕಡೆ ವೃತ್ತಾಕಾರವಾಗಿ ಉಜ್ಜಿದೆವು. ನೀಲಿಯ ಅಡಿಯಲ್ಲಿ ಮರೂನ್, ಅದರಡಿ ಬೂದು ಅಂಡರ್‌ಕೋಟ್, ಅದರಡಿ ಕೆನೆ, ತಳದಲ್ಲಿ ಸೀಸದ ಪ್ರೈಮರ್, ಹೀಗೆ ಒಂದರೊಳಗೊಂದು ಬಳೆಗಳಂತೆ ಪದರಗಳು ತೆರೆದುಕೊಂಡವು. ಸೀಸವಿರುವುದರಿಂದಲೇ ಒಣ ಉಜ್ಜುವಿಕೆ ಸಲ್ಲದು. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ನಮ್ಮ ಕಷ್ಟ ಶುರುವಾದದ್ದು ಇಲ್ಲಿಂದ ಮುಂದೆ. ಅಗಸೆ ಎಣ್ಣೆಯ ಬಣ್ಣ ಕತ್ತಲೆಯಲ್ಲಿ ಹಳದಿಗೆ ತಿರುಗುತ್ತದೆ, ಬೆಳಕಿಗೆ ಒಡ್ಡಿದರೆ ಆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ಮಾದರಿಯನ್ನು ಕೆಲವು ದಿನ ಹಗಲು ಬೆಳಕಿನಲ್ಲಿಟ್ಟು, ಮೇಲಿನ ಹಳೆಯ ವಾರ್ನಿಷ್ ತೆಗೆದ ಬಳಿಕವೇ ಹೋಲಿಸಬೇಕೆಂದು ನಾವು ಬರೆದುಕೊಟ್ಟಿದ್ದರೂ, ಬಣ್ಣ ಬೆರೆಸಿದ ಅಂಗಡಿಯವರು ತಂದ ದಿನವೇ ಟ್ಯೂಬ್‌ಲೈಟಿನ ಕೆಳಗೆ ಹೋಲಿಸಿ ಡಬ್ಬಿ ತುಂಬಿಸಿದರು. ಹೊರಗೆ ಬಿಸಿಲಿನಲ್ಲಿ ನೋಡಿದರೆ ಕೆನೆಯ ಬದಲು ಅರಿಶಿನ! ಒಂದು ಪಕ್ಕಕ್ಕೆ ಬಳಿದ ಬಣ್ಣ, ಕೂಲಿ, ಮತ್ತೆ ಉಜ್ಜಿದ ಕೂಲಿ ಎಲ್ಲವೂ ನಮ್ಮ ತಲೆಗೇ ಬಂತು. ಅವರು ಬಿಡಿಗಾಸು ಹಿಂತಿರುಗಿಸಲಿಲ್ಲ.

ಸ್ಪ್ರೇ ಪಕ್ಷ: ಬ್ರಷ್, ಅಗಸೆ ಎಣ್ಣೆ ಎಂದು ಇನ್ನೆಷ್ಟು ಕಾಲ ಕುಳಿತಿರುತ್ತೀರಿ? ನಾವು ಟು-ಪ್ಯಾಕ್ ಪಾಲಿಯುರೆಥೇನ್ ಸ್ಪ್ರೇ ಮಾಡಿಸಿದೆವು. ಗಟ್ಟಿಕಾರಕದಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುವುದರಿಂದ ಹೊರಗಿನ ಗಾಳಿ ಪೂರೈಸುವ ಮುಖವಾಡ ಕಡ್ಡಾಯ, ಸುತ್ತ ಮುಚ್ಚಿದ ಜಾಗವೂ ಬೇಕು. ಲೋಹದ ಮೈಯ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು, ತೇವಾಂಶ ಶೇಕಡಾ 85 ಮೀರಬಾರದು. ಹಾಗಾಗಿ ಬಾಡಿಗೆಗೆ ತಂದ ಕಂಪ್ರೆಸರ್ ಮಳೆ ಮುಗಿಯುವವರೆಗೆ ಸುಮ್ಮನೆ ನಿಂತಿತ್ತು, ಬಾಡಿಗೆ ಮಾತ್ರ ಓಡುತ್ತಲೇ ಇತ್ತು. ಬಣ್ಣಕ್ಕಿಂತ ಕಾಯುವಿಕೆಗೇ ಹೆಚ್ಚು ತೆತ್ತೆವು. ಆದರೂ ಇಂದು ನಮ್ಮ ಬೋಗಿಯ ಹೊಳಪಿಗೆ ಸಾಟಿಯಿಲ್ಲ.

ಬಡಗಿ ಮನೆತನ: ಸ್ವಾಮಿ, ನಿಮ್ಮದು ಪೂರ್ತಿ ಉಕ್ಕಿನ ಬೋಗಿ ಎಂಬುದನ್ನು ಮೊದಲು ಹೇಳಬೇಕಿತ್ತು. ಮರದ ಚೌಕಟ್ಟು ಹವೆಯೊಡನೆ ಹಿಗ್ಗುತ್ತದೆ, ಕುಗ್ಗುತ್ತದೆ, ಓಡುವಾಗ ಅಲುಗುತ್ತದೆ. ಅದರ ಮೇಲಿನ ಗಡಸು ಬಣ್ಣ ತಗಡಿನ ಸಂದಿನಲ್ಲಿ ಕೂದಲೆಳೆಯಷ್ಟು ಬಿರಿದರೂ ಸಾಕು, ನೀರು ಒಳಗಿಳಿಯುತ್ತದೆ. ನಮ್ಮ ಗಾಡಿಗೆ ಹಿಂದಿನ ಗುತ್ತಿಗೆದಾರನೊಬ್ಬ ಹೀಗೆಯೇ ಬಳಿದು ಹೋಗಿದ್ದ. ಹೊರಗೆ ಕನ್ನಡಿ, ಒಳಗೆ ತಗಡಿನ ಹಿಂಬದಿ ತುಕ್ಕು ಹಿಡಿದು ಪುಡಿ. ಕಿಟಕಿಗಳ ಕೆಳಗಿನ ಉದ್ದದ ತೊಲೆಗೆ ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ತೊಲೆ, ತಗಡು, ತಿರುಪು ಎಲ್ಲವನ್ನೂ ಬದಲಿಸಿದೆವು. ಬಣ್ಣದ ಖರ್ಚು ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ಸ್ಪ್ರೇ ಪಕ್ಷ: ಸಂದುಗಳಿಗೆ ನೀರು ತಡೆಯುವ ಸರಿಯಾದ ಸೀಲಂಟ್ ತುಂಬದೆ ಬಳಿದರೆ ಅದು ಆ ಗುತ್ತಿಗೆದಾರನ ದೋಷ. ಟು-ಪ್ಯಾಕನ್ನು ದೂರಬೇಡಿ.

ಬಡಗಿ ಮನೆತನ: ಸೀಲಂಟ್ ಒಣಗಿ ಬಿರಿದ ಮೇಲೆ ಬಂದು ನೋಡಿ, ಆಮೇಲೆ ಮಾತಾಡೋಣ.

ಕಾಲಕ್ಕೆ ನಿಷ್ಠರು: ಇಬ್ಬರೂ ಮುಖ್ಯ ವಿಷಯ ಬಿಟ್ಟಿದ್ದೀರಿ. ಲಿವರಿಯೆಂದರೆ ಒಂದು ಕಾಲದ ದಾಖಲೆ. ದೀಪ, ಕಿಟಕಿ, ಬ್ರೇಕು, ಆಸನ ಯಾವ ಕಾಲದವೋ ಹೊರಮೈಯೂ ಅದೇ ಕಾಲದ್ದಾಗಿರಬೇಕು. ನಮ್ಮ ದೇಶದ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಬೋಗಿಗಳನ್ನೇ ನೋಡಿ. ನಿರ್ವಾತ ಬ್ರೇಕಿನ ಕಾಲದಲ್ಲಿ ಮರೂನ್ ಇದ್ದವು, 1990ರ ದಶಕದಲ್ಲಿ ಏರ್ ಬ್ರೇಕಿನವು ನೀಲಿಯಾದವು. ಏರ್ ಬ್ರೇಕಿನ ಕೊಳವೆಗಳನ್ನು ಹಾಗೆಯೇ ಇಟ್ಟು ಮರೂನ್ ಬಳಿದರೆ ಅದು ಸುಳ್ಳು ದಾಖಲೆ. ಬ್ರಿಟಿಷ್ ರೈಲ್ವೇಸ್‌ನ ಮೊದಲ ಪ್ರಮಾಣಿತ ಮಾದರಿಯಾದ ಮಾರ್ಕ್ 1 ಬೋಗಿಗಳು ಬಂದದ್ದು 1951ರಲ್ಲಿ, ಅಲ್ಲಿನ ದೊಡ್ಡ ರೈಲ್ವೆ ಕಂಪನಿಗಳೆಲ್ಲ 1948ರಲ್ಲೇ ರಾಷ್ಟ್ರೀಕರಣಗೊಂಡಿದ್ದವು. ಅವುಗಳಿಗೆ ಗ್ರೇಟ್ ವೆಸ್ಟರ್ನ್ ಕಂಪನಿಯ ಚಾಕೊಲೇಟ್–ಕೆನೆ ಬಳಿಯುವುದನ್ನು ಕಂಡರೆ ನನಗೆ ಸಹಿಸಲಾಗುವುದಿಲ್ಲ.

ತೇಗದ ಗಾಡಿ: ತಾವು ಅರ್ಧ ಓದಿದ್ದೀರಿ. 1956ರಲ್ಲಿ ರಾಷ್ಟ್ರೀಕೃತ ರೈಲ್ವೆಯ ವೆಸ್ಟರ್ನ್ ವಿಭಾಗವು ತನ್ನ ಹೆಸರಾಂತ ಎಕ್ಸ್‌ಪ್ರೆಸ್‌ಗಳಿಗೆ ಚಾಕೊಲೇಟ್–ಕೆನೆಯನ್ನು ಮರಳಿ ತಂದಿತ್ತು, ಬಳಿದದ್ದು ಮಾರ್ಕ್ 1 ಬೋಗಿಗಳಿಗೇ.

ಕಾಲಕ್ಕೆ ನಿಷ್ಠರು: ಅದು ಆಯ್ದ ಕೆಲವು ಗಾಡಿಗಳಿಗೆ ಮಾತ್ರ. ಉಳಿದವು ಕಡುಗೆಂಪು–ಕೆನೆ, ಬಳಿಕ ಮರೂನ್. ಅಪವಾದವನ್ನು ನಿಯಮ ಮಾಡಬೇಡಿ.

ಪದರ ಬಿಡಿಸಿದವರು: ಚಾವಣಿಯ ಬಗ್ಗೆ ಯಾರೂ ಹೇಳಲಿಲ್ಲ. ಬಿಳಿ ಸೀಸದ ಬಣ್ಣ ಬಳಿದ ಚಾವಣಿ ಕಲ್ಲಿದ್ದಲ ಹೊಗೆಯ ಗಂಧಕ ತಗುಲಿ ಕಪ್ಪಾಗುತ್ತಿತ್ತು. ಆದ್ದರಿಂದ ಓಡಿದ ಬೋಗಿಯೆಂದು ತೋರಿಸಬೇಕಾದರೆ ಬೂದು ಬಳಿಯಿರಿ.

ಕಾಲಕ್ಕೆ ನಿಷ್ಠರು: ಒಪ್ಪಲಾರೆ. ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪವೇ ಬೇಕೆಂದರೆ ಬಿಳಿಯೇ ಸರಿ. ಕೊಳೆಯನ್ನು ಬಣ್ಣದ ಡಬ್ಬಿಯಲ್ಲಿ ತುಂಬಿ ಬಳಿಯುವುದು ಯಾವ ನ್ಯಾಯ?

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ನಮ್ಮ ಬೋಗಿಯ ದೀಪ, ಆಸನಗಳು ಮರೂನ್ ಕಾಲದವು, ಆದ್ದರಿಂದ ಮರೂನ್ ಎಂದು ತೀರ್ಮಾನಿಸಿದ್ದೇವೆ. ಎನಾಮೆಲ್ಲನ್ನೇ ಬಳಸುತ್ತೇವೆ. ಇಷ್ಟು ಉದ್ದದ ಪಕ್ಕಕ್ಕೆ ಬ್ರಷ್‌ನಿಂದ ಬಳಿಯುವಾಗ ಜೋಡಣೆಯ ಗುರುತು ಬೀಳದಂತೆ ಏನು ಮಾಡಬೇಕು?

ಬಡಗಿ ಮನೆತನ: ಇಬ್ಬರು ಬೇಕು. ಒಬ್ಬರು ಬಣ್ಣ ಹರಡುತ್ತ ಮುಂದೆ ಹೋಗಲಿ, ಇನ್ನೊಬ್ಬರು ಅದು ಹಸಿಯಿರುವಾಗಲೇ ಮೇಲಿನಿಂದ ಕೆಳಕ್ಕೆ ಹಗುರವಾಗಿ ಬ್ರಷ್ ಎಳೆಯುತ್ತ ಬರಲಿ. ಬಾಗಿಲಿನ ಸಂದು ಸಿಗುವವರೆಗೆ ಯಾರೂ ಕೈ ನಿಲ್ಲಿಸಬಾರದು, ನೇರ ಬಿಸಿಲು ಬೀಳುವ ಹೊತ್ತಿನಲ್ಲಿ ಆರಂಭಿಸಲೂಬಾರದು.

ಸ್ಪ್ರೇ ಪಕ್ಷ: ಸ್ಪ್ರೇ ಮಾಡಿಸಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.