ಕಹೂಟ್‌ನಲ್ಲಿ ಎಲ್ಲ ಸರಿ, ಬಾಯಿ ಬಿಟ್ಟರೆ ತಪ್ಪು: ಜರ್ಮನ್ ಕ್ಲಾಸಿಗೆ ಯಾವ ಟೂಲ್ ಒಳ್ಳೇದು?

ಜರ್ಮನ್_ಟೀಚರ್

ನಮಸ್ಕಾರ. ನಾನು ದೊಡ್ಡವರಿಗೆ ಜರ್ಮನ್ ಎ1, ಅಂದರೆ ಆರಂಭದ ಹಂತ, ಹೇಳಿಕೊಡುತ್ತೇನೆ. ಕ್ಲಾಸಿನ ಕೊನೆಗೆ ಕಹೂಟ್ ಅನ್ನುವ ಆನ್‌ಲೈನ್ ಕ್ವಿಜ್ ಆಟ ಆಡಿಸುತ್ತೇನೆ. ನಾಮಪದದ ಲಿಂಗಕ್ಕೆ ತಕ್ಕಂತೆ ಅದರ ಮುಂದೆ ಬರುವ ಆರ್ಟಿಕಲ್‌ಗಳ, ಅಂದರೆ ಡೆರ್, ಡೀ, ಡಾಸ್ ಪ್ರಶ್ನೆ ಬಂದರೆ ಹೆಚ್ಚಿನವರು ಥಟ್ಟನೆ ಸರಿಯಾದದ್ದನ್ನೇ ಒತ್ತುತ್ತಾರೆ. ಗದ್ದಲ, ನಗು, ಎಲ್ಲ ಚೆನ್ನಾಗಿರುತ್ತದೆ. ಮುಂದಿನ ಕ್ಲಾಸಿನಲ್ಲಿ "ಮೇಜಿನ ಮೇಲೆ ಏನೇನಿದೆ, ಜರ್ಮನ್‌ನಲ್ಲಿ ಹೇಳಿ" ಅಂದರೆ ಎಲ್ಲರೂ ಗಪ್‌ಚುಪ್. ಬಾಯಿ ಬಿಟ್ಟವರೂ ಸಿಕ್ಕಿದ್ದಕ್ಕೆಲ್ಲ "ಡೀ" ಹಾಕಿಬಿಡುತ್ತಾರೆ. ಕ್ವಿಜ್ಲೆಟ್, ವರ್ಡ್‌ವಾಲ್, ಪ್ಯಾಡ್ಲೆಟ್, ಎಚ್5ಪಿ ಅಂತ ಹೆಸರು ಕೇಳಿದ್ದೇನೆ. ಎಲ್ಲವನ್ನೂ ಕಲಿಯಲು ನನಗೂ ಪುರುಸೊತ್ತಿಲ್ಲ. ನಿಜಕ್ಕೂ ಕೆಲಸಕ್ಕೆ ಬರುವುದು ಯಾವುದು?

ಸಂಜೆ_ಕ್ಲಾಸ್_ಮೇಷ್ಟ್ರು

ಮೇಡಂ, ಟೂಲ್ ಬದಲಿಸುವ ಮೊದಲು ಪ್ರಶ್ನೆ ಬದಲಿಸಿ. ಕಣ್ಣೆದುರಿನ ನಾಲ್ಕರಲ್ಲಿ ಒಂದನ್ನು ಗುರುತಿಸುವುದು ಬೇರೆ, ನೆನಪಿನಿಂದ ತೆಗೆದು ಹೇಳುವುದು ಬೇರೆ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು, ಉಳಿದವರು ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ನೋಡಿದಾಗ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ಉಲ್ಟಾ. ನಿಮ್ಮ ಕಹೂಟ್ ಗದ್ದಲವೂ ಆ ಐದು ನಿಮಿಷದ ಲೆಕ್ಕವೇ ಅಂತ ನನ್ನ ಅನುಮಾನ.

ಹಾಗಂತ ಕಹೂಟ್ ಬಿಡಬೇಡಿ. ಅದರ ಬಣ್ಣಗಳನ್ನು ಗಮನಿಸಿದ್ದೀರಾ? ಕೆಂಪು ತ್ರಿಕೋನ, ನೀಲಿ ವಜ್ರ, ಹಳದಿ ವೃತ್ತ, ಹಸಿರು ಚೌಕ. ಜರ್ಮನ್ ಪಾಠಗಳಲ್ಲಿ ಹೆಚ್ಚಾಗಿ ಡೆರ್ ನೀಲಿ, ಡೀ ಕೆಂಪು, ಡಾಸ್ ಹಸಿರು ಅಂತ ಬಣ್ಣ ಕೊಟ್ಟಿರುತ್ತಾರೆ, ಅಲ್ವಾ? ನಾವು ಸುಮ್ನೆ ಡೆರ್, ಡೀ, ಡಾಸ್ ಅಂತ ವರಸೆಯಲ್ಲಿ ಟೈಪ್ ಮಾಡಿದರೆ ಡೆರ್ ಹೋಗಿ ಕೆಂಪಿಗೆ ಬೀಳುತ್ತದೆ. ಪಾಠದಲ್ಲಿ ಒಂದು ಬಣ್ಣ, ಆಟದಲ್ಲಿ ಇನ್ನೊಂದು. ಮೊದಲ ಜಾಗಕ್ಕೆ ಡೀ, ಎರಡನೆಯದಕ್ಕೆ ಡೆರ್, ಮೂರನೆಯದಕ್ಕೆ ಬಹುವಚನದ ಡೀ, ನಾಲ್ಕಕ್ಕೆ ಡಾಸ್ ಹಾಕಿ. ಉತ್ತರಗಳ ಜಾಗ ತಾನಾಗಿ ಅದಲುಬದಲಾಗುವ ಆಯ್ಕೆ ಇರುತ್ತದೆ, ಅದು ಆಫ್ ಇರಲಿ. ಬೇಗ ಒತ್ತಿದವರಿಗೆ ಜಾಸ್ತಿ ಅಂಕ ಅನ್ನುವುದು ವ್ಯಾಕರಣಕ್ಕೆ ಒಗ್ಗುವುದಿಲ್ಲ. ಸಮಯ 60 ಸೆಕೆಂಡಿಗೆ ಏರಿಸಿ, ಅಂಕ ಬೇಡ ಅನ್ನುವ ಆಯ್ಕೆ ಒತ್ತಿ.

ಕಲಿಯಲು ಒಂದೇ ಟೂಲ್ ಆರಿಸಿಕೊಳ್ಳುವುದಾದರೆ ನನ್ನ ಓಟು ಆನ್‌ಲೈನ್ ಅಭ್ಯಾಸಗಳನ್ನು ನಾವೇ ತಯಾರಿಸಿಕೊಳ್ಳುವ ಎಚ್5ಪಿಗೆ. ಆನ್‌ಲೈನ್ ಕ್ಲಾಸ್ ನಡೆಸುವ ಮೂಡಲ್, ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಎರಡರಲ್ಲೂ ಓಡುತ್ತದೆ. ಅವೆರಡೂ ಇಲ್ಲದಿದ್ದರೆ ಲುಮಿ ಅನ್ನುವ ಉಚಿತ ಆ್ಯಪ್ ಕಂಪ್ಯೂಟರಿಗೆ ಇಳಿಸಿಕೊಳ್ಳಿ. "ಬಿಟ್ಟ ಸ್ಥಳ ತುಂಬಿ" ಮಾಡುವುದು ತುಂಬಾ ಸುಲಭ: ಪೂರ್ತಿ ವಾಕ್ಯ ಬರೆದು, ಮುಚ್ಚಬೇಕಾದ ಪದದ ಎರಡೂ ಕಡೆ ನಕ್ಷತ್ರ ಹಾಕಿದರೆ ಮುಗಿಯಿತು. ಇಶ್ ಫಾರೆ ಮಿಟ್ *ಡೇಮ್* ಬುಸ್ (ನಾನು ಬಸ್ಸಿನಲ್ಲಿ ಹೋಗುತ್ತೇನೆ). ಎರಡು ಉತ್ತರ ಸರಿ ಇದ್ದರೆ ನಡುವೆ ಓರೆಗೆರೆ. ಕೋಲನ್ ಹಾಕಿ ಏನಾದರೂ ಬರೆದರೆ ಅದು ಸುಳಿವಾಗಿ ಕಾಣಿಸುತ್ತದೆ.

ಒಂದು ಎಚ್ಚರಿಕೆ. ಅದರಲ್ಲಿ ಸಣ್ಣಪುಟ್ಟ ಸ್ಪೆಲ್ಲಿಂಗ್ ತಪ್ಪನ್ನು ಒಪ್ಪಿಕೊಳ್ಳುವ ಆಯ್ಕೆಯೊಂದಿದೆ. ಕೇಳಲು ದೊಡ್ಡ ಮನಸ್ಸಿನಂತಿದೆ. ಆದರೆ "ಒಂದು" ಅನ್ನುವುದರ ಎರಡು ವಿಭಕ್ತಿ ರೂಪಗಳಾದ ಐನೆನ್, ಐನೆಮ್ ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಅದು ಆನ್ ಇದ್ದರೆ ವಿಭಕ್ತಿಯ ತಪ್ಪಿಗೂ ಹಸಿರು ಟಿಕ್ ಬೀಳುತ್ತದೆ!

ಫ್ರೆಂಚ್_ಮೇಡಂ

ಬರೆಯುವುದು ಸರಿ ಮೇಷ್ಟ್ರೇ, ಅವರು ಕೇಳಿದ್ದು ಮಾತಿನ ವಿಷಯ. ನನ್ನ ಕ್ಲಾಸಿನಲ್ಲಿ ಬಾಯಿ ಬಿಡಿಸಿದ್ದು ಪ್ಯಾಡ್ಲೆಟ್, ಎಲ್ಲರೂ ಪೋಸ್ಟ್ ಹಾಕಬಹುದಾದ ಆನ್‌ಲೈನ್ ಬೋರ್ಡ್. ಅಲ್ಲಿ ಪೋಸ್ಟಿಗೆ ದನಿ ರೆಕಾರ್ಡ್ ಮಾಡಿ ಸೇರಿಸಬಹುದು. ಪ್ರತಿಯೊಬ್ಬರೂ ತಮ್ಮ ಮೇಜಿನ ಮೇಲಿರುವುದನ್ನು ಮಾತಿನಲ್ಲಿ ವರ್ಣಿಸಬೇಕು, ಫೋಟೋ ಹಾಕಬಾರದು. ಇನ್ನೊಬ್ಬರು ಅದನ್ನು ಕೇಳಿ ಚಿತ್ರ ಬಿಡಿಸಿ ಕಾಮೆಂಟಿಗೆ ಹಾಕಬೇಕು. ಮೇಜಿನ ಕೆಳಗಿದ್ದ ಬ್ಯಾಗು ಚಿತ್ರದಲ್ಲಿ ಮೇಜಿನ ಮೇಲೇರಿದರೆ ಎಲ್ಲಿ ಎಡವಟ್ಟಾಯಿತು ಅಂತ ಹೇಳಿದವರಿಗೇ ಗೊತ್ತಾಗುತ್ತದೆ. ನಾನು ಬಾಯಿ ಹಾಕುವುದೇ ಬೇಡ. ನಾಚಿಕೆಯವರು ರೆಕಾರ್ಡ್ ಮಾಡಿ, ಇಷ್ಟವಾಗದೆ ಅಳಿಸಿ, ಮತ್ತೆ ಹೇಳುತ್ತಾರೆ. ಆ ಅಳಿಸಿ ಹೇಳುವುದೇ ಅಭ್ಯಾಸ ತಾನೇ?

ಹಳೇ_ಕಂಪ್ಯೂಟರ್

ಯಾವ ಟೂಲ್ ಬೇಕಾದರೂ ಹಿಡಿಯಿರಿ, ಪದಗಳನ್ನೂ ವಾಕ್ಯಗಳನ್ನೂ ನಿಮ್ಮದೇ ಒಂದು ಸ್ಪ್ರೆಡ್‌ಶೀಟಿನಲ್ಲಿ ಇಟ್ಟುಕೊಳ್ಳಿ. ಟೂಲ್ ಯಾವಾಗ ಬೇಕಾದರೂ ನಿಲ್ಲಬಹುದು: ಗೂಗಲ್‌ನ ಆನ್‌ಲೈನ್ ವೈಟ್‌ಬೋರ್ಡ್ ಜ್ಯಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿತು. ಮಾತಾಡಿಸಲು ಎಷ್ಟೋ ಜನ ನೆಚ್ಚಿಕೊಂಡಿದ್ದ ಫ್ಲಿಪ್ ಅನ್ನುವ ವಿಡಿಯೋ ಟೂಲ್ ಕೂಡ ಅದೇ ವರ್ಷ ಪ್ರತ್ಯೇಕ ಸೈಟಾಗಿ ನಿಂತುಹೋಯಿತು. ಶೀಟಿನಲ್ಲಿ ಎರಡು ಕಾಲಂ ಇದ್ದರೆ ಫ್ಲ್ಯಾಶ್‌ಕಾರ್ಡ್ ಟೂಲ್‌ಗಳಾದ ಕ್ವಿಜ್ಲೆಟ್, ಆಂಕಿ ಎರಡಕ್ಕೂ ಹಾಗೇ ಸೇರಿಸಬಹುದು. ನಾಮಪದದ ಜೊತೆಗೇ ಆರ್ಟಿಕಲ್ ಬರೆಯಿರಿ. ಬರೀ ಟಿಶ್ (ಮೇಜು) ಅಲ್ಲ, ಡೆರ್ ಟಿಶ್.

ಜರ್ಮನ್_ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಬಣ್ಣದ ವಿಷಯ ಇವತ್ತೇ ಸರಿ ಮಾಡುತ್ತೇನೆ, ಲುಮಿಯನ್ನೂ ಇಳಿಸಿಕೊಳ್ಳುತ್ತೇನೆ. ಫ್ರೆಂಚ್ ಮೇಡಂ, ಅಷ್ಟೂ ಜನರ ದನಿ ಕೇಳಿ ತಿದ್ದಲು ನಿಮಗೆ ಟೈಮ್ ಎಲ್ಲಿಂದ ಬರುತ್ತದೆ?

ಫ್ರೆಂಚ್_ಮೇಡಂ

ಎಲ್ಲವನ್ನೂ ತಿದ್ದುವುದಿಲ್ಲ. ಈ ವಾರ ಆರ್ಟಿಕಲ್ ಅಂದರೆ ಆರ್ಟಿಕಲ್ ಮಾತ್ರ, ಉಚ್ಚಾರಣೆ ಏನೇ ಆಗಿರಲಿ ಬಿಟ್ಟುಬಿಡುತ್ತೇನೆ. ರೆಕಾರ್ಡಿಂಗ್ ಅರ್ಧ ನಿಮಿಷ ಮೀರಬಾರದು ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಒಬ್ಬರು ಮನೆಯ ಎಲ್ಲ ಕೋಣೆಗಳನ್ನೂ ಸುತ್ತಿಸಿಬಿಡುತ್ತಾರೆ.