ರೋಣದ ಕಡೆ 6 ಎಕರೆ ಎರೆ ಹೊಲ: ಬೋರ್ ಹಾಕಿಸೋದಾ, ಹೊಂಡ ತೋಡಿಸೋದಾ?

ಭಾನುವಾರದ_ರೈತ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ, ಹೊಲ ಇರುವುದು ರೋಣ ತಾಲೂಕಿನಲ್ಲಿ. ಎರೆ (ಕಪ್ಪು ಮಣ್ಣು) 6 ಎಕರೆ, ಮಸಾರಿ (ಕೆಂಪು ಮಣ್ಣು) 2 ಎಕರೆ. ಅಪ್ಪ ನೋಡಿಕೊಳ್ಳುತ್ತಾರೆ. ನಾನು ಶನಿವಾರ ರಾತ್ರಿ ಬಸ್ ಹತ್ತಿ ಹೋಗಿ ಒಂದು ದಿನದ ರೈತ ಆಗಿ ಬರುತ್ತೇನೆ, ನಗಬೇಡಿ.

ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಇಷ್ಟು ವರ್ಷ ಇದೇ ನಡೆದಿದೆ. 2023ರಲ್ಲಿ ಹೆಸರು ಹೂವಿಗೆ ಬಂದಾಗ ಮಳೆ ಕೈಕೊಟ್ಟಿತು, ಆಗಸ್ಟ್ ಪೂರ್ತಿ ಮುಗಿಲು ನೋಡಿದ್ದೇ ಬಂತು. (1901ರಿಂದ ಈಚೆಗೆ ದೇಶದಲ್ಲೇ ಅತಿ ಕಡಿಮೆ ಮಳೆಯಾದ ಆಗಸ್ಟ್ ಅದು ಅಂತ ಆಮೇಲೆ ಓದಿದೆ.) ಅದಾದ ಮೇಲೆ ಒಂದು ವರ್ಷ ಬೆಳೆ ಚೆನ್ನಾಗಿಯೇ ಬಂದಿತ್ತು, ಇನ್ನೇನು ಕಾಯಿ ಬಿಡಿಸಬೇಕು ಅನ್ನುವಾಗ ವಾರಗಟ್ಟಲೆ ಜಿಟಿಜಿಟಿ ಹಿಡಿದು ಕಾಯಿಯೊಳಗೇ ಮೊಳಕೆ ಬಂತು. ಬಂದರೂ ಅಳು, ಬರದಿದ್ದರೂ ಅಳು.

ಅಪ್ಪ ಬೋರ್ ಹಾಕಿಸೋಣ ಅಂತಾರೆ. ಕೃಷಿ ಹೊಂಡ ಅನ್ನುವವರೂ ಇದ್ದಾರೆ. ಅವ್ವ ಮಾತ್ರ "ಮೊದಲಿನ ಹಾಗೆ ಬಿಳಿಜೋಳ ಬಿತ್ತಿ, ದನಕ್ಕೆ ಕಣಿಕೆಯಾದರೂ ಆಗುತ್ತದೆ" ಅಂತಾಳೆ. ಕೈಯಲ್ಲಿರುವ ದುಡ್ಡು ಒಂದೇ ಕೆಲಸಕ್ಕೆ ಸಾಲುತ್ತದೆ. ಏನು ಮಾಡಲಿ?

ಮಸಾರಿ_ಮಂದಿ

ಬೋರ್ ವಿಷಯಕ್ಕೆ ನಾನು ಹೇಳುತ್ತೇನೆ, ಏಕೆಂದರೆ ಸುಟ್ಟುಕೊಂಡವನು ನಾನು. ಶಿರಹಟ್ಟಿ ಕಡೆ ನಮ್ಮದು. ಮೊದಲನೆಯದು 600 ಅಡಿ ಹೋಗಿ ಬರೀ ಧೂಳು. ಎರಡನೆಯದರಲ್ಲಿ ಒಂದೂವರೆ ಇಂಚು ನೀರು ಬಿತ್ತು, ಊರಿಗೆಲ್ಲ ಸಿಹಿ ಹಂಚಿದೆವು, ಮೂರನೇ ಬೇಸಿಗೆಗೆ ಮೋಟಾರ್ ಗಾಳಿ ಎಳೆಯಿತು. ಸಾಲ ಮಾತ್ರ ಇನ್ನೂ ಒಣಗಿಲ್ಲ. ನೀರು ಸಿಕ್ಕರೂ ಒಂದು ತೊಂದರೆ ಇದೆ. ಬೋರ್ ಇದೆ ಅಂದ ಕೂಡಲೇ ಮನಸ್ಸು ಗೋವಿನಜೋಳ (ಮೆಕ್ಕೆಜೋಳ), ಉಳ್ಳಾಗಡ್ಡಿ (ಈರುಳ್ಳಿ) ಕಡೆ ಓಡುತ್ತದೆ, ಆಮೇಲೆ ಎಷ್ಟು ನೀರಿದ್ದರೂ ಸಾಲದು.

ಅಣ್ಣಿಗೇರಿ_ಹೊಂಡ

ನಮ್ಮ ಹೊಲದಲ್ಲಿ ಹೊಂಡ ಇದೆ, ಅದಕ್ಕೆ ಲೆಕ್ಕ ಸಮೇತ ಹೇಳುತ್ತೇನೆ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. ಈಗ ಒಂದೇ ಸಂಜೆ 50 ಮಿಲಿಮೀಟರ್ ಹೊಡೆಯುವುದು ಮಾಮೂಲಿ ಆಗಿದೆ, ಅಲ್ವಾ? ಅಂದರೆ ಎಕರೆಗೆ 2 ಲಕ್ಷ ಲೀಟರ್. ಎರೆ ಮಣ್ಣು ಅಷ್ಟು ಬೇಗ ಕುಡಿಯುವುದಿಲ್ಲ, ಮೇಲೆ ಅಂಟಾಗಿ ಮುಚ್ಚಿಕೊಳ್ಳುತ್ತದೆ, ಮಿಕ್ಕಿದ್ದು ಮಣ್ಣನ್ನೂ ಎತ್ತಿಕೊಂಡು ಹಳ್ಳಕ್ಕೆ ಹೋಗುತ್ತದೆ. ಹೊಂಡ ಬೇಕಾದದ್ದು ಆ ನೀರಿಗೆ.

100 ಅಡಿ ಉದ್ದ, 100 ಅಡಿ ಅಗಲ, 12 ಅಡಿ ಆಳ ತೋಡಿದರೆ, ದಡ ಇಳಿಜಾರು ಬಿಟ್ಟ ಮೇಲೂ 25 ಲಕ್ಷ ಲೀಟರ್ ಹತ್ತಿರ ಹಿಡಿಯುತ್ತದೆ. ಎಕರೆಗೆ ಒಂದು ಇಂಚು ನೀರು ಕೊಡಲು 1 ಲಕ್ಷ ಲೀಟರ್ ಬೇಕು. ನಿಮ್ಮ 6 ಎಕರೆ ಕಡಲೆಗೆ ಸ್ಪ್ರಿಂಕ್ಲರ್‌ನಲ್ಲಿ ಎರಡು ಸಲ ಧಾರಾಳ ಕೊಡಬಹುದು. ಹೂ ಬಿಡುವ ಮುಂಚೆ ಒಂದು, ಕಾಯಿ ಕಟ್ಟುವಾಗ ಒಂದು. ಹೂ ತುಂಬಿ ನಿಂತಾಗ ಕೊಡಬೇಡಿ, ಉದುರುತ್ತದೆ. ಹೊಲದ ತುಂಬ ಹರಿಸುವ ಹಾಯಿ ನೀರು ಬಿಡಲೇಬೇಡಿ.

ಎರೆಯಲ್ಲಿ ತೋಡಿದರೆ ಪ್ಲಾಸ್ಟಿಕ್ ಹಾಳೆ ಬೇಕಿಲ್ಲ, ಮಣ್ಣೇ ನೀರು ಹಿಡಿಯುತ್ತದೆ. ಮಸಾರಿಯಲ್ಲಿ ತೋಡಿದರೆ ಹಾಳೆ ಹಾಸಲೇಬೇಕು. ಜಾಗ ಹೊಲದ ತಗ್ಗಿನ ಮೂಲೆ, ನೀರು ತಾನಾಗಿ ಹರಿದು ಬರುವ ಕಡೆ. ನಾವು ರಸ್ತೆ ಪಕ್ಕ ಅನುಕೂಲ ಅಂತ ಎತ್ತರದಲ್ಲಿ ತೋಡಿಸಿ ಮೊದಲ ವರ್ಷ ಕಪ್ಪೆ ಸಾಕಿದೆವು! ನೀರು ಒಳಬರುವ ಬಾಯಿಗೆ ಒಂದು ಹೂಳಿನ ಗುಂಡಿ ಮಾಡಿಸಿ. ಇಲ್ಲದಿದ್ದರೆ ಕೆಲವೇ ವರ್ಷದಲ್ಲಿ ಹೊಂಡ ಅರ್ಧ ತುಂಬುತ್ತದೆ, ನೀರಲ್ಲ, ಮಣ್ಣು. ತಂತಿ ಬೇಲಿ ಮಾತ್ರ ಮೊದಲ ದಿನವೇ ಹಾಕಿಸಿ, ಮಕ್ಕಳು ಮುಳುಗಿ ಸತ್ತ ಸುದ್ದಿ ನಮ್ಮ ಕಡೆ ಹೊಸದಲ್ಲ. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಸಹಾಯಧನ ಸಿಗುತ್ತದಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಆಮೇಲೆ ಜೆಸಿಬಿ ಕರೆಸಿ, ಮೊದಲೇ ತೋಡಿಸಿದರೆ ಕೈಬಿಟ್ಟು ಹೋಗಬಹುದು.

ಹಳೆ_ಕೂರಿಗೆ

ತಮ್ಮಾ, ಹೊಂಡ ಒಳ್ಳೆಯದು, ಬೇಡ ಅನ್ನುವುದಿಲ್ಲ. ಆದರೆ ನಿನ್ನ ಎರೆ ಹೊಲವೇ ಒಂದು ದೊಡ್ಡ ಹೊಂಡ, ಅದನ್ನು ತುಂಬುವುದು ಬಿಟ್ಟು ಎಲ್ಲರೂ ಮೂಲೆಯ ಹೊಂಡದ ಮಾತೇ ಆಡುತ್ತಿದ್ದಾರೆ. ಹಿಂಗಾರಿ ಜೋಳ ಬೆಳೆಯುವುದು ಮೇಲಿನ ಮಳೆಗಲ್ಲ, ಕೆಳಗಿನ ಹಸಿಗೆ. ಆ ಹಸಿ ಎರಡು ಮೂರು ಅಡಿ ಇಳಿದಿರಬೇಕು.

ಅದಕ್ಕೆ ಚೌಕುಮಡಿ ಮಾಡು. ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು, ಇಳಿಜಾರು ನೋಡಿಕೊಂಡು 3 ಮೀಟರಿನಿಂದ 4.5 ಮೀಟರಿನ ಚೌಕು ಹಾಕಿ ಸಣ್ಣ ಬದು ಏರಿಸುವುದು. ಬಿದ್ದ ಮಳೆ ಬಿದ್ದಲ್ಲೇ ನಿಂತು ಇಳಿಯುತ್ತದೆ. ಉತ್ತರಿ ಮಳೆ (ಸೆಪ್ಟೆಂಬರ್ ಎರಡನೇ ಅರ್ಧ) ಹೊತ್ತಿಗೆ ಹರಗಿ ಸಮ ಮಾಡಿ ಜೋಳ ಬಿತ್ತು. ವಿಜಯಪುರದ ಕೃಷಿ ಸಂಶೋಧನಾ ಕೇಂದ್ರದವರೂ ಇದನ್ನೇ ಹೇಳುತ್ತಾರೆ. ಬೆಳೆ ನಿಂತ ಮೇಲೆ ಎರೆ ಬಿರುಕು ಬಿಡಲು ಶುರು ಮಾಡುತ್ತದೆ, ಆ ಬಿರುಕಿನಿಂದಲೇ ಹಸಿ ಹಾರಿ ಹೋಗುವುದು. ಎರಡು ಮೂರು ಸಲ ಸಾಲುಗಳ ನಡುವೆ ಕುಂಟೆಯಿಂದ ಎಡೆ ಹೊಡೆದು ಮುಚ್ಚು, ಕಸ ಇಲ್ಲದಿದ್ದರೂ ಹೊಡಿ. ಈಗಿನವರು ಕಸಕ್ಕೆ ಔಷಧಿ ಹೊಡೆದು ಎಡೆ ಕುಂಟೆಯನ್ನು ಅಟ್ಟ ಹತ್ತಿಸಿದ್ದಾರೆ.

ಹೊಲದ ಸುತ್ತ ನಾಲ್ಕು ಸಾಲು ಕುಸುಬಿ ಹಾಕು. ಮುಳ್ಳಿಗೆ ದನ ಬರುವುದಿಲ್ಲ, ಬೇರು ಆಳಕ್ಕೆ ಹೋಗುವುದರಿಂದ ಕೆಟ್ಟ ವರ್ಷವೂ ಅದೊಂದು ಕೈಗೆ ಹತ್ತುತ್ತದೆ. ನಿಮ್ಮ ಅವ್ವ ಹೇಳಿದ್ದು ಸರಿ ಇದೆ.

ಗದಗ_ಗೌರಿ

ಕಾಕಾ, ತಪ್ಪು ತಿಳಿಯಬೇಡಿ. ಮುಂಗಾರು ಖಾಲಿ ಬಿಡು ಅನ್ನುವುದು ಸುಲಭ. 65-70 ದಿನಕ್ಕೆ ಬರುವ ಹೆಸರಿನ ದುಡ್ಡಲ್ಲೇ ಅಲ್ವಾ ನಾವು ಹಿಂಗಾರಿ ಬೀಜ, ಗೊಬ್ಬರ ತರುವುದು, ಗಣಪತಿ ಹಬ್ಬ ಮಾಡುವುದು? ಅದನ್ನೂ ಬಿಟ್ಟರೆ ಅಂಗಡಿಯವನ ಮುಂದೆ ಕೈ ಕಟ್ಟಿ ನಿಲ್ಲಬೇಕು. ಇನ್ನು ಜೋಳ. ಕಡಲೆಗೆ ಮಷಿನ್ ಬರುತ್ತದೆ. ಜೋಳ ಕೀಳುವುದು, ತೆನೆ ಮುರಿಯುವುದು ಯಾರು? ಬಿಸಿಲಲ್ಲಿ ಬಗ್ಗುವವರು ಹೆಂಗಸರು. ಆಳೂ ಸಿಗುವುದಿಲ್ಲ. ಎಲ್ಲ ಹೊಲಕ್ಕೂ ಜೋಳ ಅನ್ನುವವರು ಒಂದು ಎಕರೆ ಕಿತ್ತು ತೋರಿಸಲಿ.

ನಾವು ಮಾಡಿಕೊಂಡ ದಾರಿ ಇಷ್ಟೇ: ಅರ್ಧಕ್ಕೆ ಹೆಸರು, ಅರ್ಧಕ್ಕೆ ಚೌಕುಮಡಿ, ಮುಂದಿನ ವರ್ಷ ಅದಲು ಬದಲು. ಹೆಸರನ್ನೂ ಮೊದಲ ಮಳೆಗೇ ಬಿತ್ತುವುದಿಲ್ಲ. ಗುದ್ದಲಿಯಲ್ಲಿ ಅಗೆದು ನೋಡುತ್ತೇವೆ, ಮೇಲೆ ನಾಲ್ಕು ಬೆರಳು ಹಸಿಯಾಗಿ ಕೆಳಗೆ ಒಣ ಇದ್ದರೆ ಅಕ್ಕಪಕ್ಕದವರು ಬಿತ್ತಿದರೂ ಸುಮ್ನೆ ಕೂರುತ್ತೇವೆ. ಇದು ಬಹಳ ಕಷ್ಟದ ಕೆಲಸ, ಕೂತು ನೋಡಿ ಗೊತ್ತಾಗುತ್ತದೆ. ಜುಲೈ ಅರ್ಧ ದಾಟಿತು ಅಂದರೆ ಹೆಸರಿನ ಆಸೆ ಬಿಟ್ಟು ಹಿಂಗಾರಿಗೆ ಹೊಲ ಹದ ಮಾಡುತ್ತೇವೆ.

ಇನ್ನೊಂದು, ಬೆಳೆ ವಿಮೆ ಕಟ್ಟಿ. ಹೆಸರಿಗೆ ವಿಮೆ ಮೊತ್ತದ 2%, ಹಿಂಗಾರಿ ಕಡಲೆ ಜೋಳಕ್ಕೆ 1.5% ಮಾತ್ರ ರೈತರ ಪಾಲು. ಆದರೆ ವಿಮೆಗೆ ಬರೆಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ಬಂದ ಬೆಳೆಯೂ ಒಂದೇ ಇರಬೇಕು, ನಮ್ಮದು ಒಂದು ವರ್ಷ ಹೆಸರು ಹೋಗಿ ಗೋವಿನಜೋಳ ಅಂತ ದಾಖಲಾಗಿ ಬಿಡಿಗಾಸು ಬರಲಿಲ್ಲ. ಹೊಲದಲ್ಲಿ ನೀರು ನಿಂತು ಹಾಳಾದರೆ 72 ತಾಸಿನೊಳಗೆ ತಿಳಿಸಬೇಕು.

ಹಳೆ_ಕೂರಿಗೆ

ತಂಗೀ, ಕೀಳುವ ಮಾತು ಒಪ್ಪಿದೆ. ನಾನು ಬದುವಿನ ಮೇಲೆ ನಿಂತು ಹೇಳುವವನು, ಕಿತ್ತವಳು ನಿಮ್ಮ ಕಾಕಿ. ಅರ್ಧ-ಅರ್ಧ ಸರಿ.

ಭಾನುವಾರದ_ರೈತ

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. 600 ಅಡಿ ಧೂಳಿನ ಮಾತಿಗೆ ಬೋರ್ ಸುದ್ದಿ ನಿಂತಿತು, ಸದ್ಯಕ್ಕೆ. ಈ ಮುಂಗಾರಿಗೆ 3 ಎಕರೆ ಹೆಸರು, 3 ಎಕರೆ ಚೌಕುಮಡಿ. ಅದರಲ್ಲಿ ಒಂದೇ ಎಕರೆ ಜೋಳ, ಮನೆ ಮಟ್ಟಿಗೆ ಮತ್ತು ಎರಡು ಎಮ್ಮೆಗೆ, ಉಳಿದದ್ದು ಕಡಲೆ. ಹೊಂಡದ ಜಾಗ ಮಳೆ ಬರುವಾಗ ನಿಂತು ನೋಡಿ ಗುರುತು ಮಾಡಿ, ತೋಡಿಸುವುದು ಮುಂದಿನ ಬೇಸಿಗೆಗೆ.

ಒಂದೇ ತೊಡಕು. ಅಪ್ಪ ಹೇಳುವ ತಗ್ಗಿನ ಮೂಲೆ ಪಕ್ಕದ ಹೊಲದ ಕಾಕಾನ ಬದುವಿಗೆ ಹತ್ತಿದೆ, ಅವರ ಹೊಲದ ನೀರೂ ಅಲ್ಲಿಗೇ ಬರುತ್ತದೆ. ಅವರ ಹತ್ತಿರ ಮೊದಲೇ ಮಾತಾಡಬೇಕಾ?

ಅಣ್ಣಿಗೇರಿ_ಹೊಂಡ

ಮೊದಲೇ. ತೋಡಿದ ಮೇಲೆ ಮಾತಾಡಿದರೆ ಅದು ಜಗಳ. ಅವರ ನೀರು ನಿಮಗೆ ಬಂದರೆ ಒಂದು ಸಲ ಅವರ ಕಡಲೆಗೂ ಪೈಪ್ ಕೊಡುತ್ತೇನೆ ಅನ್ನಿ. ಹೊಂಡ ತುಂಬಿ ಹೊರಬೀಳುವ ಕಡೆ ಕಲ್ಲು ಜೋಡಿಸಿ ದಾರಿ ಮಾಡಿಕೊಡಿ, ನೀರು ಅವರ ಬದು ಒಡೆಯಬಾರದು.