ಹ್ಯಾಂಡ್‌ಗನ್ ಗುಂಡು ನಾವೇ ರೀಲೋಡ್ ಮಾಡಿದ್ರೆ ನಿಜವಾಗ್ಲೂ ದುಡ್ಡು ಉಳಿಯುತ್ತಾ?

ಹೊಸಗುರಿ:
ವಾರಕ್ಕೆ ಒಂದಿನ್ನೂರು ಸುತ್ತು 9 ಎಂಎಂ ಹೊಡೀತೀನಿ, ಆಗಾಗ .38 ಸ್ಪೆಷಲ್ ರಿವಾಲ್ವರ್ ಕೂಡ. ಹೊಡೆದಾದ್ಮೇಲೆ ಉಳಿಯೋ ಖಾಲಿ ಕೇಸ್ (ಗುಂಡಿನ ಲೋಹದ ಕವಚ) ಎಲ್ಲ ಡಬ್ಬದಲ್ಲಿ ತುಂಬಿಟ್ಟಿದೀನಿ, ಎಸೆಯೋಕೆ ಮನಸ್ಸು ಬರ್ತಿಲ್ಲ. ಅವನ್ನೇ ಮತ್ತೆ ತುಂಬಿ ಗುಂಡು ಮಾಡೋಕೆ (ಅದೇ ರೀಲೋಡಿಂಗ್) ಪ್ರೆಸ್ (ಒತ್ತೋ ಯಂತ್ರ), ಡೈ (ಕೇಸನ್ನ ಅಳತೆಗೆ ತರೋ ಅಚ್ಚು), ತಕ್ಕಡಿ ಎಲ್ಲ ತಗೊಂಡ್ರೆ ಹಾಕಿದ ದುಡ್ಡು ವಾಪಸ್ ಬರುತ್ತಾ? ಗುರಿ ಸುಧಾರಿಸುತ್ತೆ ಅಂತಾನೂ ಹೇಳ್ತಾರೆ, ನಿಜಾನಾ?

ಹಿತ್ತಾಳೆಪ್ರಿಯ:
ಒಂದು ತೋಟಾದಲ್ಲಿ ನಾಕೇ ಸಾಮಾನು ಇರೋದು, ಕೇಸ್, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸೋ ಪುಟ್ಟ ಬಿಲ್ಲೆ), ಮದ್ದು, ಬುಲೆಟ್ (ಬ್ಯಾರೆಲ್‌ನಿಂದ ಹಾರಿಹೋಗೋ ತುದಿ ಭಾಗ ಮಾತ್ರ). ಅದ್ರಲ್ಲಿ ಹಿತ್ತಾಳೆ ಕೇಸ್ ನಿಮ್ಮತ್ರ ಆಗ್ಲೇ ಇದೆ, ಎಷ್ಟೋ ಸಲ ಮತ್ತೆ ಬಳಸ್ಬೋದು, ಉಳಿತಾಯದ ಗುಟ್ಟೇ ಅದು. ಮದ್ದಿನ ಖರ್ಚು ತುಂಬಾ ಕಮ್ಮಿ: ಒಂದು ಪೌಂಡ್ ಅಂದ್ರೆ 7000 ಗ್ರೇನ್, ಗುಂಡಿಗೆ 5 ಗ್ರೇನ್ ಅಂತ ಇಟ್ಕೊಂಡ್ರೂ 1400 ಗುಂಡು (ಇದು ಬರೀ ಖರ್ಚಿನ ಲೆಕ್ಕ, ಲೋಡ್ ಅಳತೆ ಅಲ್ಲ, ಅದನ್ನ ರೀಲೋಡಿಂಗ್ ಮ್ಯಾನ್ಯುಯಲ್ ಅನ್ನೋ ಅಳತೆ ಪುಸ್ತಕ ನೋಡೇ ತಗೋಬೇಕು). ಜೇಬಿಗೆ ಭಾರ ಆಗೋದು ಬುಲೆಟ್ ಮತ್ತೆ ಪ್ರೈಮರ್. ಆದ್ರೆ 9 ಎಂಎಂ ಫ್ಯಾಕ್ಟರಿ ಗುಂಡೇ ಅಗ್ಗ, ಅದ್ರಲ್ಲಿ ಉಳಿಯೋದು ಅಷ್ಟಕ್ಕಷ್ಟೇ. .38 ಸ್ಪೆಷಲ್, .44 ಮ್ಯಾಗ್ನಮ್, .45 ಕೋಲ್ಟ್ ತರದ್ದಾದ್ರೆ ಬೇಗ ಗಿಟ್ಟುತ್ತೆ. ಸತ್ಯ ಹೇಳ್ಬೇಕಂದ್ರೆ ನಂಗೆ ಒಂದು ಪೈಸೆನೂ ಉಳಿದಿಲ್ಲ, ಅದೇ ದುಡ್ಡಲ್ಲಿ ಎರಡರಷ್ಟು ಹೊಡೀತಿದೀನಿ ಅಷ್ಟೇ 😄

ನಿಧಾನಿ:
ಗುರಿ ವಿಷಯಕ್ಕೆ ಬಂದ್ರೆ, ರೈಫಲ್‌ನಲ್ಲಿ ಕಾಣೋ ಅಷ್ಟು ವ್ಯತ್ಯಾಸ ಹ್ಯಾಂಡ್‌ಗನ್‌ನಲ್ಲಿ ನಿರೀಕ್ಷೆ ಮಾಡ್ಬೇಡಿ. ಕೈಯಲ್ಲಿ ಹಿಡ್ದು ಹೊಡೀವಾಗ ನಮ್ಮ ಟ್ರಿಗರ್ ಎಳೆತದ ತಪ್ಪೇ ಗುಂಡಿನ ತಪ್ಪಿಗಿಂತ ದೊಡ್ಡದು. ನಿಮ್ಮ ಗನ್‌ಗೆ ಯಾವ ಬುಲೆಟ್ ತೂಕ ಒಗ್ಗುತ್ತೆ ಅಂತ ಹುಡುಕ್ಬೇಕಂದ್ರೆ 25 ಮೀಟರಲ್ಲಿ ಗನ್ನನ್ನ ರೆಸ್ಟ್ (ಅಲ್ಲಾಡದ ಆಸರೆ) ಮೇಲೆ ಇಟ್ಟು ಹೊಡ್ದು ನೋಡಿ, ಆಗ ಗ್ರೂಪ್ (ಟಾರ್ಗೆಟ್ ಮೇಲೆ ಬಿದ್ದ ತೂತುಗಳ ಗುಂಪು) ಚಿಕ್ಕದಾಗೋದು ಕಾಣುತ್ತೆ. ನಂಗೆ ನಿಜವಾದ ಲಾಭ ಆಗಿದ್ದು ಬೇರೆ ಕಡೆ, .38ಕ್ಕೆ ಮ್ಯಾನ್ಯುಯಲ್‌ನಲ್ಲೇ ಇರೋ ಮೆದು ವ್ಯಾಡ್‌ಕಟರ್ (ಚಪ್ಪಟೆ ಮೂತಿಯ ಟಾರ್ಗೆಟ್ ಬುಲೆಟ್) ಲೋಡ್ ಮಾಡ್ಕೊಂಡೆ, ಒದೆತ ಕಮ್ಮಿಯಾಯ್ತು, ಬೆಚ್ಚಿಬೀಳೋದು ನಿಂತಿತು, ಗ್ರೂಪ್ ತಾನಾಗೇ ಸರಿಹೋಯ್ತು.

ಹೊಸಗುರಿ:
ಹಾಗಾದ್ರೆ .38 ಇಂದನೇ ಶುರು ಮಾಡ್ತೀನಿ. ನನ್ ಡಬ್ಬದಲ್ಲಿ ಅಲ್ಯುಮಿನಿಯಂ ಕೇಸೂ ಒಂದಷ್ಟಿವೆ, ನಡಿಯುತ್ತಾ?

ಹಿತ್ತಾಳೆಪ್ರಿಯ:
ಬೇಡ, ಅವನ್ನ ಬೇರೆ ಎತ್ತಿಡಿ. ಹಿತ್ತಾಳೆ ಮಾತ್ರ. ಡೈ ತಗೊಳ್ಳುವಾಗ ಕಾರ್ಬೈಡ್ದೇ ತಗೊಳ್ಳಿ, ಪ್ರತಿ ಕೇಸ್‌ಗೂ ಎಣ್ಣೆ ಸವರೋ ಕಾಟ ಇರಲ್ಲ.

ಒಂದ್ಸಲ_ಕಲಿತವ:
.38 ಅಂದ್ರಲ್ಲ, ಒಂದು ಮಾತು. ಆ ಉದ್ದ ಕೇಸಲ್ಲಿ ಮದ್ದು ತಳದಲ್ಲಿ ಎಲ್ಲೋ ಒಂಚೂರು ಇರುತ್ತೆ, ಎರಡು ಸಲ ಬಿದ್ರೂ ತುಂಬಿ ಚೆಲ್ಲಲ್ಲ, ಗೊತ್ತೇ ಆಗಲ್ಲ. ನಂದು ಉಲ್ಟಾ ಆಗಿತ್ತು, ಮಧ್ಯ ಫೋನ್ ಬಂತು ಅಂತ ಎದ್ದೋದೆ, ಬಂದು ಒಂದು ಕೇಸ್‌ಗೆ ಮದ್ದೇ ಹಾಕ್ದೆ ಬುಲೆಟ್ ಕೂರಿಸ್ಬಿಟ್ಟಿದೀನಿ. ರೇಂಜಲ್ಲಿ "ಟಪ್" ಅಂತ ಸಪ್ಪೆ ಸದ್ದು, ಬುಲೆಟ್ ಬ್ಯಾರೆಲ್ ಒಳಗೇ ಸಿಕ್ಕಾಕೊಂಡಿತ್ತು. ಪಕ್ಕದಲ್ಲಿದ್ದವ್ರು ಕೂಗಿ ನಿಲ್ಲಿಸ್ದೆ ಇದ್ದಿದ್ರೆ ಇನ್ನೊಂದು ಹೊಡ್ದಿರ್ತಿದ್ದೆ, ಬ್ಯಾರೆಲ್ ಸೀಳ್ಕೊಂಡಿರೋದು. ಆವತ್ತಿಂದ ಐವತ್ತು ಕೇಸ್ ಸಾಲಾಗಿ ಟ್ರೇಲಿ ನಿಲ್ಸಿ, ಬುಲೆಟ್ ಕೂರಿಸೋಕೆ ಮುಂಚೆ ಟಾರ್ಚ್ ಬಿಟ್ಟು ಒಂದೊಂದನ್ನೂ ನೋಡ್ತೀನಿ. ಮತ್ತೆ ಸೀಸದ ಕೆಲ್ಸ ಇದು, ಬೆಂಚ್ ಹತ್ರ ತಿನ್ನೋದು ಬೇಡ, ಕೈ ತೊಳ್ಕೊಳ್ಳಿ. ನಿಮ್ಮಲ್ಲಿ ರೀಲೋಡಿಂಗ್‌ಗೆ ಪರ್ಮಿಷನ್ ಬೇಕಾ ಅಂತಾನೂ ಮೊದ್ಲೇ ನೋಡ್ಕೊಳ್ಳಿ.

ಹೊಸಗುರಿ:
ಓದಿ ಕೈ ತಣ್ಣಗಾಯ್ತು ಗುರು. ಸಿಂಗಲ್ ಸ್ಟೇಜ್ (ಒಂದ್ಸಲಕ್ಕೆ ಒಂದೇ ಕೆಲ್ಸ ಮಾಡೋ) ಪ್ರೆಸ್ಸೇ ತಗೋತೀನಿ, ನಿಧಾನ ಆದ್ರೂ ಪರ್ವಾಗಿಲ್ಲ.